ಬಾಲ್ಯದಲ್ಲಿ ಬರುವ ಮುಪ್ಪು

ವಯಸ್ಸಾದವರಿಗೆ ಮುಪ್ಪು ಬರುವುದು ಪ್ರಕೃತಿಯ ನಿಯಮ. ಆದರೆ ಎರಡು ವರ್ಷದ ಕೂಸಿನ ತಲೆಗೂದಲು ಉದುರಿ, ಬೆಳವಣಿಗೆ ಕುಂಠಿತವಾಗಿ, ಕೀಲುಗಳು ಪೆಡಸಾಗಿ, ಕಾಲಕ್ರಮದಲ್ಲಿ ರಕ್ತನಾಳಗಳು ಮುದುಕರವುಗಳಂತೆ ಗಡುಸಾದರೆ ಏನೆನ್ನಬೇಕು? ಇಂತಹ ರೋಗವೊಂದುಂಟು. ಅದರ ಹೆಸರು ಪ್ರೊಜೀರಿಯ. ಗ್ರೀಕ್ ಮೂಲದ ಈ ಶಬ್ದಕ್ಕೆ ‘ಮುಂಚಿತವಾದ ಮುಪ್ಪು’ ಎಂದರ್ಥ. 2009ರಲ್ಲಿ ಬಂದ ‘ಪಾ’ ಎಂಬ ಹಿಂದೀ ಚಲನಚಿತ್ರದಿಂದ ವಾಚಕರಲ್ಲಿ ಕೆಲವರು ಇದನ್ನು ಬಲ್ಲರು. ಇಂಗ್ಲೆಂಡಿನ ವೈದ್ಯ ಹಚಿನ್‌ಸನ್ 1886ರಲ್ಲಿಯೇ ಇದನ್ನು ವರ್ಣಿಸಿದ್ದನು. ಸುಮಾರು 40 ಲಕ್ಷ ಜನನಗಳಲ್ಲಿ ಒಂದು ಮಗುವಿಗೆ ಇದು ಬರುತ್ತದೆಂದು ಅಂದಾಜು. ಚಿಕಿತ್ಸೆಯಿಲ್ಲದಿದ್ದಲ್ಲಿ ಸರಾಸರಿ ಆಯುಸ್ಸು ಹದಿನಾಲ್ಕೂವರೆ ವರ್ಷ. ಬಹುತೇಕ ಮಕ್ಕಳು ತೀರಿಕೊಳ್ಳುವುದು ಹೃದಯದ ತೊಂದರೆಯಿಂದ. ಬುದ್ಧಿಗೆ ಮಾತ್ರ ಯಾವ ಕುಂದೂ ಇಲ್ಲ.

ರೋಗ ಇಷ್ಟು ವಿರಳವಾದರೆ ಅದಕ್ಕೆ ಮದ್ದು ಹುಡುಕುವವರಾರು? ಔಷಧದ ಕಂಪನಿಗೆ ಕೊಳ್ಳುವವರು ಬೇಕು. ಸಂಶೋಧಕನಿಗೆ ಪರೀಕ್ಷಿಸಲು ರೋಗಿಗಳು ಬೇಕು. ಇಲ್ಲಿ ಎರಡೂ ಇಲ್ಲ. 1998ರಲ್ಲಿ ಅಮೆರಿಕದ ವೈದ್ಯ ದಂಪತಿಗಳಾದ ಲೆಸ್ಲಿ ಗಾರ್ಡನ್ ಮತ್ತು ಸ್ಕಾಟ್ ಬರ್ನ್ಸ್ ಅವರ ಮಗ ಸ್ಯಾಮ್‌ನಿಗೆ ಈ ರೋಗವಿದೆಯೆಂದು ತಿಳಿದಾಗ ಪರಿಸ್ಥಿತಿ ಹೀಗಿತ್ತು. ಮರುವರ್ಷವೇ ಅವರು, ಲೆಸ್ಲಿಯವರ ಸೋದರಿ ಆಡ್ರಿಯೊಡಗೂಡಿ, ಪ್ರೊಜೀರಿಯ ಸಂಶೋಧನ ಪ್ರತಿಷ್ಠಾನವನ್ನು ಕಟ್ಟಿ, ದಾನಿಗಳಿಂದಲೂ ಓಟದ ಪಂದ್ಯಗಳಿಂದಲೂ ಔತಣಕೂಟಗಳಿಂದಲೂ ಹಣ ಕೂಡಿಸತೊಡಗಿದರು.

ಹಣ ಕೂಡಿದೊಡನೆ ಮದ್ದು ಹುಟ್ಟುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಸರಿಯಲ್ಲ. ಬೀಸುವ ಕಲ್ಲು ಎಷ್ಟು ಒಳ್ಳೆಯದಾದರೇನು, ಕಾಳೇ ಇಲ್ಲದಿದ್ದರೆ? ಪ್ರತಿಷ್ಠಾನವು ಮೊದಲು ಕೈಹಾಕಿದ ಕೆಲಸಗಳಲ್ಲಿ ಅನೇಕ ದೇಶಗಳಲ್ಲಿ ಚದುರಿದ್ದ ಈ ಮಕ್ಕಳ ಪಟ್ಟಿಯನ್ನು ಸಿದ್ಧಪಡಿಸುವುದೂ, ಅವರ ಜೀವಕೋಶಗಳನ್ನು ಬೆಳೆಸಿ ಕಾಯ್ದಿಟ್ಟು ಸಂಶೋಧಕರಿಗೆ ಒದಗಿಸುವ ಭಂಡಾರವನ್ನು ಸ್ಥಾಪಿಸುವುದೂ ಮುಖ್ಯವಾದವು. ನೋಡುವವರಿಗೆ ಇದು ಗುಮಾಸ್ತಗಿರಿಯಂತೆ ಕಂಡೀತು. ಆದರೆ ಮುಂದಿನದಕ್ಕೆಲ್ಲ ಇದೇ ತಳಹದಿ.

2003ರಲ್ಲಿ ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡದವರು ರೋಗದ ಮೂಲವನ್ನು ಪತ್ತೆಮಾಡಿದರು. ‘ಲ್ಯಾಮಿನ್-ಎ’ ಎಂಬ ಪ್ರೋಟೀನಿನ ಜೀನ್‌ನಲ್ಲಿ 1824ನೆಯ ಅಕ್ಷರ ಸೈಟೊಸಿನ್ ಇರಬೇಕಾದಲ್ಲಿ ಥೈಮಿನ್ ಇದೆ; ವ್ಯತ್ಯಾಸ ಅಷ್ಟೆ. ಸೋಜಿಗವೆಂದರೆ, ಬದಲಾದ ಅಕ್ಷರದಿಂದಲೂ ಅದೇ ಗ್ಲೈಸಿನ್ ಎಂಬ ಅಮೈನೋ ಆಮ್ಲವೇ ಬರಬೇಕು! ಆದರೆ ಜೀವಕೋಶವು ಆ ಸ್ಥಳವನ್ನು ಕತ್ತರಿಸಬೇಕಾದ ಗುರುತೆಂದು ತಪ್ಪಾಗಿ ಓದುವುದರಿಂದ ಪ್ರೋಟೀನಿನ 50 ಅಮೈನೋ ಆಮ್ಲಗಳು ಬಿಟ್ಟುಹೋಗುತ್ತವೆ. ಲ್ಯಾಮಿನ್-ಎ ಎಂಬುದು ಕೋಶಕೇಂದ್ರದ ಪೊರೆಗೆ ಒಳಗಿನಿಂದ ಹಂದರದಂತೆ ಆಸರೆ ಕೊಡುವ ವಸ್ತು. ತಯಾರಾಗುವಾಗ ಅದಕ್ಕೆ ಫಾರ್ನೆಸಿಲ್ ಎಂಬ ಜಿಡ್ಡಿನ ಬಾಲವೊಂದು ಅಂಟಿಕೊಳ್ಳುತ್ತದೆ. ಕೆಲಸ ಮುಗಿದ ತರುವಾಯ ಆ ಬಾಲ ಕತ್ತರಿಸಲ್ಪಡುತ್ತದೆ. ಕತ್ತರಿಸಬೇಕಾದ ಜಾಗವಿರುವುದು ಬಿಟ್ಟುಹೋದ ತುಂಡಿನಲ್ಲಿಯೇ. ಹೀಗಾಗಿ ‘ಪ್ರೊಜೆರಿನ್’ ಎಂಬ ಕೆಟ್ಟ ಪ್ರೋಟೀನು ಬಾಲಸಮೇತ ಪೊರೆಗೆ ಅಂಟಿಕೊಂಡು ಕೋಶಕೇಂದ್ರವನ್ನು ವಿಕಾರಗೊಳಿಸುತ್ತದೆ. ಈ ದೋಷವು ಸಾಮಾನ್ಯವಾಗಿ ಆ ಮಗುವಿನಲ್ಲಿಯೇ ಹೊಸದಾಗಿ ತಲೆದೋರುವುದು. ತಂದೆತಾಯಿಗಳಲ್ಲಿ ಅದು ಇರುವುದಿಲ್ಲ. ಮನೆತನವನ್ನು ದೂರುವುದರಲ್ಲಿ ಅರ್ಥವಿಲ್ಲ.

ಬಾಲವೇ ಅಂಟದಂತೆ ತಡೆದರೆ? ಅಂತಹ ಔಷಧ ಆಗಲೇ ಇದ್ದಿತು! ಕ್ಯಾನ್ಸರಿಗೆ ಸಂಬಂಧಪಟ್ಟ ಇನ್ನೊಂದು ಪ್ರೋಟೀನಿಗೂ ಇದೇ ಬಾಲ ಬೇಕಾದುದರಿಂದ, ಕ್ಯಾನ್ಸರಿಗೆಂದು ಲೋನಾಫಾರ್ನಿಬ್ ಎಂಬುದನ್ನು ತಯಾರಿಸಿದ್ದರು. 2007ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ 16 ದೇಶಗಳ 28 ಮಕ್ಕಳ ಮೇಲೆ ಅದರ ಪರೀಕ್ಷೆ ಪ್ರಾರಂಭವಾಯಿತು. ರೋಗ ವಾಸಿಯಾಗಲಿಲ್ಲ, ಆದರೆ ತೂಕ, ಮೂಳೆ, ಶ್ರವಣಶಕ್ತಿ, ರಕ್ತನಾಳಗಳ ಮೃದುತ್ವ ಇವುಗಳಲ್ಲಿ ಒಂದಾದರೂ ಪ್ರತಿ ಮಗುವಿನಲ್ಲಿಯೂ ಸುಧಾರಿಸಿತೆಂದು 2012ರಲ್ಲಿ ವರದಿಯಾಯಿತು. ಇಷ್ಟು ಚಿಕ್ಕ ಗುಂಪಿನಲ್ಲಿ ಅರ್ಧ ಮಕ್ಕಳಿಗೆ ಬರಿಯ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸುವುದು ಹೇಗೆ ಸಾಧ್ಯ? ಆದುದರಿಂದ ಆಯುಸ್ಸನ್ನು ಅಳೆಯುವಾಗ, ಚಿಕಿತ್ಸೆ ದೊರೆಯದಿದ್ದ ಮಕ್ಕಳ ಹಳೆಯ ದಾಖಲೆಗಳೊಡನೆ ಹೋಲಿಸಿ ನೋಡಿದರು. ಗುಮಾಸ್ತಗಿರಿ ಇಲ್ಲಿ ಫಲ ಕೊಟ್ಟಿತು. 11 ವರ್ಷಗಳವರೆಗಿನ ಲೆಕ್ಕದಲ್ಲಿ ಆಯುಸ್ಸು ಸರಾಸರಿ ಎರಡೂವರೆ ವರ್ಷ ಹೆಚ್ಚಿದುದು ಕಂಡುಬಂದು, 2020ರ ನವೆಂಬರಿನಲ್ಲಿ ಅಮೆರಿಕ ಸರಕಾರದ ಮಂಜೂರಾತಿ ದೊರೆಯಿತು.

ಪರೀಕ್ಷೆಗೊಳಗಾದ ಮಕ್ಕಳಲ್ಲಿ ಸ್ಯಾಮ್ ಸಹ ಒಬ್ಬನು. ಪ್ರೌಢಶಾಲೆಯಲ್ಲಿ ಅವನಿಗೆ ವಾದ್ಯಮೇಳದೊಡನೆ ನಡೆಯುತ್ತ ಡ್ರಮ್ ಬಾರಿಸುವ ಆಸೆ. ಎದೆಗೆ ತೊಡುವ ಆಸರೆಯೊಡನೆ ಆ ವಾದ್ಯದ ತೂಕ ಸುಮಾರು 40 ಪೌಂಡು. ಹುಡುಗನ ತೂಕ 50 ಪೌಂಡು! ಬಲ, ಭಾರಗಳ ಲೆಕ್ಕವನ್ನು ತರಗತಿಯಲ್ಲಿ ಹೇಳುವ ನಮಗೆ ಈ ಪ್ರಶ್ನೆ ಬಹಳ ಹಿಡಿಸಿತು. ಎಂಜಿನಿಯರರೊಬ್ಬರು ಸುಮಾರು 6 ಪೌಂಡಿನದನ್ನು ಮಾಡಿಕೊಟ್ಟರು; ಸ್ಯಾಮ್ ಮೇಳದೊಡನೆ ನಡೆದನು. 2014ರ ಜನವರಿಯಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ತಾಯಿ ಕೆಲಸ ನಿಲ್ಲಿಸಲಿಲ್ಲ. ಬಾಲವನ್ನು ತಡೆಯುವ ಬದಲು ಆ ಒಂದು ಅಕ್ಷರವನ್ನೇ ತಿದ್ದುವ ಉಪಾಯವನ್ನು ಸಂಶೋಧಕರು ಈ ಮಕ್ಕಳ ಜೀವಕೋಶಗಳಲ್ಲಿ ಪರೀಕ್ಷಿಸಿ, ಅನಂತರ ಇಲಿಗಳಲ್ಲಿ ಪ್ರಯೋಗಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದೇ ದೋಷವುಳ್ಳ ಇಲಿಗಳಿಗೆ ಒಂದೇ ಒಂದು ಚುಚ್ಚುಮದ್ದು ಕೊಟ್ಟಾಗ ಅವುಗಳ ಮಧ್ಯಮ ಆಯುಸ್ಸು 215 ದಿನಗಳಿಂದ 510 ದಿನಗಳಿಗೆ ಏರಿತು.