ಆರೋಗ್ಯ ಶಿಕ್ಷಕನ ಒಂದು ವರ್ಷ: ಚರಿತ್ರೆಯ ಬೆಳಕಿನಲ್ಲಿ

ಪದವಿ ಮುಗಿಸಿದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ವರ್ಷಕಾಲ ಆರೋಗ್ಯ ಶಿಕ್ಷಕರಾಗಿ ಸೇವೆ ಸಲ್ಲಿಸುವ ಇಚ್ಛೆಯನ್ನು ವ್ಯಕ್ತಪಡಿಸುವುದುಂಟು. ಕಲ್ಯಾಣ ನಗರದಂತಹ ಹೊಸ ಬಡಾವಣೆಯಲ್ಲಿಯೂ ಅದರ ಸುತ್ತಣ ಹಳೆಯ ಊರುಗಳಲ್ಲಿಯೂ ಈ ಕಾರ್ಯಕ್ಕೆ ಅವಕಾಶವಿದೆ. ಆದರೆ ಜನರು ಅಜ್ಞರು, ತಿಳಿಯಹೇಳಿದೊಡನೆ ತಿದ್ದಿಕೊಳ್ಳುವರು ಎಂಬ ಭಾವನೆ ಹೊರಡುವವರಲ್ಲಿ ಬೇರೂರಿರುತ್ತದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಆಗ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೂ, ಪೇಟೆ ಮೈಸೂರು ಸರ್ಕಾರಕ್ಕೂ ಸೇರಿದ್ದುವು. ರೋಗಿಗಳನ್ನು ಬೇರ್ಪಡಿಸುವ, ಮನೆಗಳನ್ನು ತೆರವು ಮಾಡಿಸುವ ಆಜ್ಞೆಗಳಿಗೆ ಅಂಜಿ ಜನ ರೋಗವನ್ನೇ ಮರೆಮಾಚಿದರು. ಅಲ್ಲಲ್ಲಿ ಪ್ಲೇಗಿನಮ್ಮನ ಗುಡಿಗಳೆದ್ದುವು. ಇದನ್ನು ಮೌಢ್ಯವೆಂದು ಹಳಿಯುವುದು ಸುಲಭ. ಆದರೆ ಆಜ್ಞೆಯಿತ್ತವರಿಗೂ ರೋಗ ಹರಡುವ ಬಗೆ ಖಚಿತವಾಗಿ ತಿಳಿದಿರಲಿಲ್ಲ. ಇಲಿಯ ಚಿಗಟವೇ ವಾಹಕವೆಂದು ಸಿಮೊಂಡ್ ಅದೇ ವರ್ಷ ಸೂಚಿಸಿದ್ದರೂ ಆ ಮತ ಅಂಗೀಕೃತವಾಗಲು ಹಲವು ವರ್ಷಗಳು ಹಿಡಿದುವು.

ಇದಕ್ಕಿಂತಲೂ ಬೋಧಪ್ರದವಾದುದು ಕ್ಷಯದ ನಿದರ್ಶನ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಆದುದರಿಂದಲೇ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದು ಬಹುಮಂದಿಯ ನಂಬಿಕೆಯಾಗಿತ್ತು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನೆರೆಯ ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ನಡೆಸಿ, ರೋಗಿಗಳನ್ನೇ ಪ್ರಶ್ನಿಸಿ ಪಡೆದ ಫಲಿತಾಂಶವನ್ನು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಫದಲ್ಲಿ ರೋಗಾಣುವಿದ್ದವರಲ್ಲಿ ಬಹುಪಾಲು ಮಂದಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಪರಿಹಾರವನ್ನರಸಿ ವೈದ್ಯಾಲಯಗಳಿಗೆ ಹೋಗಿಯೇ ಇದ್ದರು. ಅಲ್ಲಿ ಅವರಿಗೆ ದೊರೆತದ್ದು ಬಹುಮಟ್ಟಿಗೆ ಕೆಮ್ಮಿನ ಔಷಧದ ಒಂದು ಸೀಸೆ! ಕಲಿಯಬೇಕಾಗಿದ್ದವರು ಯಾರು? ಕೆಮ್ಮೆಂದು ತಾವಾಗಿಯೇ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲಿಯೇ ಪರೀಕ್ಷಿಸುವ ಕ್ರಮವು 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದ ಆಧಾರವಾಯಿತು.

ಆದುದರಿಂದ ಆರೋಗ್ಯ ಶಿಕ್ಷಕನ ಮೊದಲ ತಿಂಗಳುಗಳು ಕೇಳುವುದಕ್ಕೆ ಮೀಸಲಾಗಬೇಕೆಂದು ನಾವು ಭಾವಿಸುತ್ತೇವೆ. ದಂಡು ಪ್ರದೇಶದಿಂದ ಕೃಷ್ಣರಾಜಪುರದವರೆಗಿನ ಈ ಭಾಗದಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಭಿತ್ತಿಪತ್ರದ ಶುದ್ಧ ಕನ್ನಡ ಎಲ್ಲರನ್ನೂ ಮುಟ್ಟಲಾರದು. (ಭಾಷಣದ ಚಟ ನಮ್ಮಂತಹ ಅಧ್ಯಾಪಕರಿಗೇ ಹೆಚ್ಚು.) ಕೆಮ್ಮು ಎಂದಿನಿಂದ, ಎಲ್ಲಿಗೆ ಹೋಗಿದ್ದಿರಿ, ಏನು ಕೊಟ್ಟರು ಎಂಬ ಮೂರು ಪ್ರಶ್ನೆಗಳಿಗೆ ಬರುವ ಉತ್ತರವನ್ನು ಬರೆದಿಟ್ಟುಕೊಂಡು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವುದೂ ಶಿಕ್ಷಣ ಕಾರ್ಯವೇ.

ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ರೂಢಿಯ ಚಿಕಿತ್ಸೆ ಆರು ತಿಂಗಳದು. ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗಿ ಮೈ ಹಗುರವಾಗುವುದರಿಂದ, ದಿನಗೂಲಿಯವನು ಗುಳಿಗೆಯನ್ನು ನಿಲ್ಲಿಸಿಬಿಡುವ ಅಪಾಯವಿದೆ. ಹಾಗೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ವರ್ಷದ ಮೊದಲರ್ಧದಲ್ಲಿ ಪತ್ತೆಯಾದವನ ಜೊತೆಗೆ ಶಿಕ್ಷಕನು ಕೊನೆಯವರೆಗೂ ಇರಬಲ್ಲನು. ಎಂಟನೆಯ ತಿಂಗಳಲ್ಲಿ ಪತ್ತೆಯಾದವನ ಚಿಕಿತ್ಸೆ ಮುಗಿಯುವ ಮೊದಲೇ ಇವನ ಅವಧಿ ತೀರಿರುತ್ತದೆ. ಅಂಥವರನ್ನು ಆ ಪ್ರದೇಶದ ಆಶಾ ಕಾರ್ಯಕರ್ತೆಗೆ ಪರಿಚಯಿಸಿ ಒಪ್ಪಿಸುವ ಏರ್ಪಾಡನ್ನು ಕೊನೆಯ ವಾರಕ್ಕೆ ಬಿಡದೆ ಮೊದಲೇ ಮಾಡಿಕೊಳ್ಳತಕ್ಕದ್ದು.