ಗೋಲು ಹೊಡೆಯುವವರಾರು?

ಹೊಸಪೇಟೆಯಿಂದ ಹಂಪಿಗೆ ಹೋಗುವ ಹಾದಿಯ ಮಲಪನಗುಡಿಯಲ್ಲಿ ಬೆಂಗಳೂರು ಎಫ್.ಸಿ. ಕಾಲ್ಚೆಂಡಿನ ತಂಡಕ್ಕಾಗಿ ವಾಗ್ವಾದ ನಡೆದರೆ ಅಚ್ಚರಿಪಡಬೇಕಾಗಿಲ್ಲ. ತಂಡದ ಒಡೆತನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ನಡೆಸುವ ಜಿಂದಾಲ್ ಸಮೂಹದ್ದು. ಅಲ್ಲಿ 2018ರಲ್ಲಿ ಆರಂಭವಾದ ಕ್ರೀಡಾ ಸಂಸ್ಥೆಯ ಬಯಲಿನಲ್ಲಿ ಅದು ಅಭ್ಯಾಸ ಮಾಡಿದ್ದೂ ಉಂಟು. ಒಗ್ಗರಣಿ-ಮಿರ್ಚಿ ಆರಿ ತಣ್ಣಗಾದರೂ ಅಭಿಮಾನಿಗಳ ಮಾತಿನ ಕಾವು ಆರದು.

ಜಗಳದ ಮೂಲ ಇಂಡಿಯನ್ ಸೂಪರ್ ಲೀಗ್‌ನ 2023-24ರ ಋತು. ಅಂದು 22 ಪಂದ್ಯಗಳಲ್ಲಿ ತಂಡವು ಗಳಿಸಿದ್ದು ಕೇವಲ 20 ಗೋಲು. 12 ತಂಡಗಳಲ್ಲಿ ದೊರೆತದ್ದು 10ನೆಯ ಸ್ಥಾನ. 2017-18ರಲ್ಲಿ ವೆನೆಜುವೇಲದ ಮಿಕು 15, ನಾಯಕ ಸುನಿಲ್ ಛೇತ್ರಿ 14 ಗೋಲು ಹೊಡೆದುದನ್ನು ಕಂಡವರಿಗೆ ಇದು ಸಹಿಸಲಾಗದ ಬಡತನ! ಹಳಬರನ್ನು ಬೀಳ್ಕೊಟ್ಟು ತರುಣರಿಂದ ತಂಡ ಕಟ್ಟಬೇಕೆಂಬುದು ಒಂದು ಪಕ್ಷ. ಛೇತ್ರಿಯನ್ನು ಬಿಟ್ಟರೆ ಗೋಲು ಹೊಡೆಯುವವರಾರು ಎಂಬುದು ಇನ್ನೊಂದು.

2024ರಲ್ಲಿ ಪೆರೇರಾ ಡಿಯಾಸ್, ಎಡ್ಗರ್ ಮೆಂಡೆಜ್, ನೊಗೇರಾ ಮೊದಲಾದ ವಿದೇಶೀಯರು ಬಂದರು. ಆದರೂ ಆ ಋತುವಿನಲ್ಲಿ ತಂಡದ ಪರವಾಗಿ ಎಲ್ಲರಿಗಿಂತ ಹೆಚ್ಚು, ಅಂದರೆ ಮತ್ತೆ ಅದೇ 14 ಗೋಲು ಹೊಡೆದಾತ ನಲವತ್ತು ತುಂಬಿದ್ದ ಛೇತ್ರಿಯೇ. ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಒಂದೇ ಪಂದ್ಯದಲ್ಲಿ ಮೂರು! ಎರಡನೆಯ ಪಕ್ಷದವರು ಇದನ್ನು ತಮ್ಮ ಗೆಲುವೆಂದು ಹೇಳಿಕೊಂಡರೂ, ನಿಜಕ್ಕೂ ಬಲ ಬಂದುದು ಮೊದಲನೆಯವರ ವಾದಕ್ಕೇ. ಏಳು ವರ್ಷಗಳಾದರೂ ಆತನ ಜಾಗಕ್ಕೆ ಒಬ್ಬ ತರುಣನೂ ಸಿದ್ಧನಾಗಿರಲಿಲ್ಲವಷ್ಟೆ.

2025ರ ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ನಡೆದ ಅಂತಿಮ ಪಂದ್ಯವನ್ನು ಮೋಹನ್ ಬಾಗಾನ್ 2-1ರಿಂದ ಗೆದ್ದಿತು. ಬೆಂಗಳೂರಿನ ಲೆಕ್ಕಕ್ಕೆ ಸೇರಿದ ಆ ಒಂದು ಗೋಲನ್ನೂ ಹೊಡೆದಾತ ಎದುರಾಳಿ ತಂಡದ ರಕ್ಷಣಾ ಆಟಗಾರ. ಅದು ಅವರದೇ ಬಲೆಗೆ ಬಿದ್ದದ್ದು!