ಮರಳಿ ತುಂಬುವ ತೋಟಾ

ಅಮೆರಿಕದ ಯಾವುದಾದರೊಂದು ಪಟ್ಟಣದಲ್ಲಿ ರಜಾದಿನದ ಪಿಸ್ತೂಲು ಪಂದ್ಯವನ್ನು ನೋಡಲು ಹೋದವರಿಗೆ ಒಂದು ದೃಶ್ಯವು ಮೊದಲು ವಿಚಿತ್ರವಾಗಿ ತೋರುತ್ತದೆ. ಸ್ಪರ್ಧಿಯು ತನ್ನ ಸರದಿಯನ್ನು ಮುಗಿಸಿ, ಪಿಸ್ತೂಲು ಬರಿದಾಗಿರುವುದನ್ನು ಅಧಿಕಾರಿಗೆ ತೋರಿಸಿ, ಅದನ್ನು ಒರೆಗೆ ಸೇರಿಸಿದ ಬಳಿಕ, ಅವನೂ ಅವನ ಜೊತೆಗಾರರೂ ನೆಲಕ್ಕೆ ಬಾಗಿ ಏನನ್ನೋ ಆಯತೊಡಗುತ್ತಾರೆ. ಸುಗ್ಗಿ ಮುಗಿದ ಕಣದಲ್ಲಿ ಉದುರಿದ ಕಾಳನ್ನು ಹೆಕ್ಕುವವರ ಶ್ರದ್ಧೆ ಅವರದು. ಅವರು ಆಯುವ ವಸ್ತುವಾದರೋ ಹಿತ್ತಾಳೆಯ ಪುಟ್ಟ ಕೊಳವೆ, ಎಂದರೆ ಆಗತಾನೆ ಹಾರಿಸಿದ ತೋಟಾದ ಖಾಲಿ ಕೋಶ. ಅದನ್ನು ಮನೆಗೆ ಒಯ್ದು, ತೊಳೆದು, ತಿದ್ದಿ, ಮತ್ತೆ ಮದ್ದು ಗುಂಡುಗಳನ್ನು ತುಂಬಿ ಮುಂದಿನ ಪಂದ್ಯಕ್ಕೆ ತರುವುದು ಆ ದೇಶದ ಸಾವಿರಾರು ಗುರಿಕಾರರ ಹವ್ಯಾಸವಾಗಿದೆ. ಈ ಕಾರ್ಯವು ಹೇಗೆ ಸಾಧ್ಯವಾಗುತ್ತದೆ, ಇದರಲ್ಲಿ ಅಡಗಿರುವ ವಿಜ್ಞಾನವಾವುದು, ಹೊಸದಾಗಿ ಇದಕ್ಕೆ ಕೈಹಾಕುವವನು ಯಾವುದಕ್ಕೆ ಅಂಜಬೇಕು ಎಂಬುದನ್ನು ನಾವು ಇಲ್ಲಿ ವಿವರಿಸಲೆಳಸಿದ್ದೇವೆ.

ಮೊದಲಿಗೇ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ಅಮೆರಿಕದಲ್ಲಿ ತನ್ನ ಸ್ವಂತ ಉಪಯೋಗಕ್ಕಾಗಿ ತೋಟಾ ತುಂಬಿಕೊಳ್ಳುವವನಿಗೆ ಕೇಂದ್ರ ಸರಕಾರದ ಪರವಾನಗಿ ಬೇಕಿಲ್ಲ, ಮಾರುವವನಿಗೆ ಬೇಕು. ನಮ್ಮ ದೇಶದಲ್ಲಿ ಹಾಗಲ್ಲ. 1959ರ ಆಯುಧ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವುದು ಅಪರಾಧವೆನಿಸುತ್ತದೆ. ಆದುದರಿಂದ ವಾಚಕರು ಈ ಲೇಖನವನ್ನು ಒಂದು ಕುಶಲಕಲೆಯ ಪರಿಚಯವೆಂದು ಓದಬೇಕೆಂಬುದು ನಮ್ಮ ಅರಿಕೆ.

ತೋಟಾದ ನಾಲ್ಕು ಅಂಗಗಳು

ಮಲೆನಾಡು ಮತ್ತು ಕೊಡಗಿನ ಹಿರಿಯರಿಗೆ ಕೇಪಿನ ಕೋವಿ, ತೋಟಾ ಕೋವಿ ಎಂಬ ಎರಡು ಬಗೆಗಳು ಪರಿಚಿತವೇ. ಕೇಪಿನ ಕೋವಿಗೆ ಪ್ರತಿಯೊಂದು ಈಡಿಗೂ ಬಾಯಿಯಿಂದ ಮದ್ದನ್ನು ಸುರಿದು, ಅದರ ಮೇಲೆ ಗುಂಡನ್ನು ಜಡಿದು, ಹಿಂಬದಿಯ ತೂತಿನ ಮೇಲೆ ಕೇಪನ್ನು ಕೂರಿಸಬೇಕಾಗುತ್ತದೆ. ಈ ಮೂರನ್ನೂ ಒಂದೇ ಕೋಶದೊಳಗೆ ಅಡಕಮಾಡಿದರೆ ತೋಟಾ ಆಯಿತು. ಹೀಗೆ ಅದಕ್ಕೆ ನಾಲ್ಕು ಅಂಗಗಳು: ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಇವೆಲ್ಲವನ್ನೂ ಹಿಡಿದಿಡುವ ಕೋಶ.

ಕುದುರೆಯನ್ನು ಮೀಟಿದಾಗ ಪಿಸ್ತೂಲಿನ ಸೂಜಿಯು ಕೇಪಿಗೆ ಬಡಿಯುತ್ತದೆ. ಕೇಪಿನಲ್ಲಿರುವ ಸೂಕ್ಷ್ಮ ಸ್ಫೋಟಕವು ಸಿಡಿದು ಅದರ ಕಿಡಿ ಮದ್ದಿಗೆ ತಗಲುತ್ತದೆ. ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲದ ಒತ್ತಡವೇ ಗುಂಡನ್ನು ನಳಿಗೆಯಿಂದ ಹೊರದೂಡುತ್ತದೆ. ಇಷ್ಟೆಲ್ಲ ನಡೆಯುವುದು ಸೆಕೆಂಡಿನ ಕೆಲವೇ ಸಾವಿರಾಂಶಗಳಲ್ಲಿ. ಪ್ರಸಿದ್ಧವಾದ 9 ಮಿ.ಮೀ. ಪಿಸ್ತೂಲು ತೋಟಾಕ್ಕೆ ಅಮೆರಿಕದ ಕೈಗಾರಿಕಾ ಸಂಸ್ಥೆಯು ವಿಧಿಸಿರುವ ಒತ್ತಡದ ಗರಿಷ್ಠ ಮಿತಿ ಚದರ ಅಂಗುಲಕ್ಕೆ 35,000 ಪೌಂಡು. ಇದು ನಮ್ಮ ಸುತ್ತಲಿನ ವಾಯುವಿನ ಒತ್ತಡದ ಸುಮಾರು 2,400 ಪಟ್ಟು. ಬೆರಳತುದಿಯಷ್ಟು ಅಗಲದ ಗುಂಡಿನ ಹಿಂಭಾಗವನ್ನು ಆ ಕ್ಷಣದಲ್ಲಿ ಒಂದೂವರೆ ಟನ್ನಿನಷ್ಟು ಬಲ ನೂಕುತ್ತಿರುತ್ತದೆ ಎಂದರೆ ಅದರ ಪ್ರಚಂಡತೆಯನ್ನು ಊಹಿಸಬಹುದು.

ಇಷ್ಟು ಒತ್ತಡಕ್ಕೆ ಸಿಕ್ಕಿದ ಕೋಶವು ಮತ್ತೆ ಕೆಲಸಕ್ಕೆ ಬರುವುದಾದರೂ ಹೇಗೆ? ಇಲ್ಲಿ ಹಿತ್ತಾಳೆಯ ಗುಣವು ನೆರವಿಗೆ ಬರುತ್ತದೆ. ಕೋಶಗಳಿಗೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು ಇರುತ್ತದೆ. ಒತ್ತಡವೇರಿದಾಗ ಕೋಶವು ಹಿಗ್ಗಿ, ಪಿಸ್ತೂಲಿನ ಉಕ್ಕಿನ ಗೂಡಿಗೆ ಅಂಟಿಕೊಂಡು, ಅನಿಲವು ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಸ್ವಲ್ಪ ಕುಗ್ಗಿ ಗೂಡಿನಿಂದ ಸಡಿಲವಾಗಿ ಹೊರಬರುತ್ತದೆ. ಆದರೆ ಮೊದಲಿನ ಅಳತೆಗೆ ಪೂರ್ತಿಯಾಗಿ ಮರಳುವುದಿಲ್ಲ. ಅದನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರಬೇಕು. ಚೆಂಬು ಬಡಿಯುವ ಕಂಚುಗಾರನು ಬಲ್ಲಂತೆ, ಹಿತ್ತಾಳೆಯು ಪೆಟ್ಟು ತಿಂದಷ್ಟೂ ಗಡುಸಾಗುತ್ತದೆ. ಹಲವು ಬಾರಿ ಹಿಗ್ಗಿ ಕುಗ್ಗಿದ ಕೋಶದ ಬಾಯಿ ಕಡೆಗೊಮ್ಮೆ ಸೀಳುತ್ತದೆ. ಅಲ್ಲಿಗೆ ಅದರ ಆಯುಸ್ಸು ಮುಗಿಯಿತು.

ಕೇಪಿನ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. 1860ರ ದಶಕದಲ್ಲಿ ಇಂಗ್ಲೆಂಡಿನ ಬಾಕ್ಸರ್ ಎಂಬ ಸೇನಾಧಿಕಾರಿಯೂ ಅಮೆರಿಕದ ಬರ್ಡನ್ ಎಂಬಾತನೂ ಬೇರೆಬೇರೆಯಾಗಿ ಎರಡು ಬಗೆಯ ಕೇಪುಗಳನ್ನು ರೂಪಿಸಿದರು. ಬಾಕ್ಸರನ ಪದ್ಧತಿಯಲ್ಲಿ ಕೋಶದ ಬುಡದ ನಡುವೆ ಒಂದೇ ತೂತು. ಬರ್ಡನನ ಪದ್ಧತಿಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತುಗಳು. ನಡುವೆ ಒಂದೇ ತೂತಿದ್ದರೆ ಒಳಗಿನಿಂದ ಕಡ್ಡಿ ತೂರಿಸಿ ಹಳೆಯ ಕೇಪನ್ನು ಸುಲಭವಾಗಿ ಉದುರಿಸಬಹುದು. ಇಂಗ್ಲಿಷಿನವನ ಪದ್ಧತಿಯು ಅಮೆರಿಕದಲ್ಲೂ, ಅಮೆರಿಕದವನ ಪದ್ಧತಿಯು ಯೂರೋಪಿನಲ್ಲೂ ನೆಲೆಯೂರಿದುದು ಚರಿತ್ರೆಯ ವಿನೋದ. ಅಮೆರಿಕದಲ್ಲಿ ಈ ಹವ್ಯಾಸವು ಹುಲುಸಾಗಿ ಬೆಳೆಯಲು ಆ ಒಂದು ತೂತೂ ಒಂದು ಕಾರಣವೆನ್ನಬೇಕು. ಒಲಿಂಪಿಕ್ ಪಿಸ್ತೂಲು ಸ್ಪರ್ಧೆಗಳಲ್ಲಿ ಬಳಸುವ .22 ತೋಟಾದಲ್ಲಾದರೋ ಕೇಪಿನ ಮದ್ದು ಕೋಶದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಅದನ್ನು ಒಮ್ಮೆ ಹಾರಿಸಿದ ಮೇಲೆ ಬಿಸಾಡುವುದೇ ಸರಿ.

ಏತಕ್ಕೆ ಈ ಶ್ರಮ?

ತೋಟಾದ ನಾಲ್ಕು ಅಂಗಗಳಲ್ಲಿ ಬೆಲೆಬಾಳುವ ಕೋಶವೊಂದೇ ಮರಳಿ ಉಪಯೋಗಕ್ಕೆ ಬರತಕ್ಕದ್ದು. ವರ್ಷಕ್ಕೆ ಸಾವಿರಾರು ಗುಂಡುಗಳನ್ನು ಹಾರಿಸುವ ಸ್ಪರ್ಧಿಗೆ ಇದರಿಂದ ಉಳಿತಾಯವಾಗುತ್ತದೆ. ಆದರೆ ಹಣಕ್ಕಿಂತ ದೊಡ್ಡ ಕಾರಣವೊಂದಿದೆ. ಅಮೆರಿಕದ ಪ್ರಾಯೋಗಿಕ ಪಿಸ್ತೂಲು ಪಂದ್ಯಗಳಲ್ಲಿ ತೋಟಾದ ಶಕ್ತಿಗೆ ಒಂದು ಕನಿಷ್ಠ ಮಟ್ಟವನ್ನು ಗೊತ್ತುಪಡಿಸಿದ್ದಾರೆ. ಗುಂಡಿನ ತೂಕವನ್ನು ಗ್ರೇನುಗಳಲ್ಲೂ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದೂ ತೆಗೆದುಕೊಂಡು, ಒಂದನ್ನೊಂದರಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಬರುವ ಸಂಖ್ಯೆ 125ಕ್ಕೆ ಕಡಿಮೆಯಾಗಬಾರದು. ಉದಾಹರಣೆಗೆ 147 ಗ್ರೇನು ತೂಕದ ಗುಂಡು ಸೆಕೆಂಡಿಗೆ 900 ಅಡಿ ವೇಗದಲ್ಲಿ ಹೊರಟರೆ ಆ ಸಂಖ್ಯೆ 132.3. ದೊಡ್ಡ ಪಂದ್ಯಗಳಲ್ಲಿ ಅಧಿಕಾರಿಗಳು ಸ್ಪರ್ಧಿಯ ತೋಟಾಗಳನ್ನು ತೆಗೆದುಕೊಂಡು, ಗುಂಡನ್ನು ತೂಗಿ, ಕ್ರೋನೋಗ್ರಾಫ್ ಎಂಬ ವೇಗಮಾಪಕದ ಮುಂದೆ ಹಾರಿಸಿ ಪರೀಕ್ಷಿಸುತ್ತಾರೆ. ಕನಿಷ್ಠ ಮಟ್ಟ ಮುಟ್ಟದವನ ಅಂಕಗಳು ಎಣಿಕೆಗೆ ಬಾರವು. ಮಟ್ಟವನ್ನು ಬಹಳವಾಗಿ ಮೀರಿದರೆ ಪಿಸ್ತೂಲು ವೃಥಾ ಹೆಚ್ಚು ಒದೆಯುತ್ತದೆ. ಮುಂದಿನ ಗುರಿ ತಡವಾಗುತ್ತದೆ. ಆದುದರಿಂದ ಮಟ್ಟಕ್ಕಿಂತ ತುಸುವೇ ಮೇಲಿರುವ, ಸಾವಿರಕ್ಕೆ ಸಾವಿರವೂ ಒಂದೇ ಬಗೆಯಾಗಿರುವ ತೋಟಾ ಸ್ಪರ್ಧಿಗೆ ಬೇಕು. ಅದನ್ನು ತನ್ನ ಪಿಸ್ತೂಲಿಗೆ ಹೊಂದುವಂತೆ ತಾನೇ ತುಂಬಿಕೊಳ್ಳುತ್ತಾನೆ.

ಖಾಲಿ ಜಾಗದ ಕಥೆ

ಇನ್ನು ಮದ್ದಿನ ವಿಚಾರ. ಹಳೆಯ ಕಾಲದ ಕರಿಮದ್ದು ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ಮಿಶ್ರಣ. ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಾಗಿಯೋ ಕಿಟ್ಟವಾಗಿಯೋ ವ್ಯರ್ಥವಾಗುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಎಂಬ ರಸಾಯನಶಾಸ್ತ್ರಜ್ಞನು ನೈಟ್ರೋಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ಇದು ಬಹುಮಟ್ಟಿಗೆ ಪೂರ್ತಿಯಾಗಿ ಅನಿಲವಾಗುವುದರಿಂದ ಅಲ್ಪ ಪ್ರಮಾಣವೇ ಸಾಕಾಗುತ್ತದೆ. ಇದೇ ಜಾತಿಯ ಕಾರ್ಡೈಟನ್ನು ತಯಾರಿಸಲು ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ 20ನೆಯ ಶತಮಾನದ ಆರಂಭದಲ್ಲೇ ಕಾರ್ಖಾನೆ ಸ್ಥಾಪಿತವಾದುದನ್ನು ವಾಚಕರು ಕೇಳಿರಬಹುದು.

ಈ ಅಲ್ಪ ಪ್ರಮಾಣವೇ ತೋಟಾ ತುಂಬುವವನ ಮುಖ್ಯ ಅಪಾಯಕ್ಕೆ ಮೂಲ. .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾ 1898ರಲ್ಲಿ ಬಳಕೆಗೆ ಬಂದಾಗ ಅದರ ಕೋಶವನ್ನು ಸುಮಾರು 21 ಗ್ರೇನು ಕರಿಮದ್ದು ಹಿಡಿಸುವಂತೆ ಮಾಡಿದ್ದರು. ಇಂದು ಅದೇ ಕೋಶಕ್ಕೆ ಗುರಿ ಪಂದ್ಯಗಳಿಗಾಗಿ ಹಾಕುವ ಹೊಗೆಯಿಲ್ಲದ ಮದ್ದು ಕೆಲವೇ ಗ್ರೇನು. ಒಂದು ಗ್ರೇನೆಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯೊಂದರ ತೂಕ ಹೆಚ್ಚುಕಡಿಮೆ ಎರಡು ಗ್ರೇನು. ಎರಡು ಗುಲಗಂಜಿ ತೂಕದ ಮದ್ದು ಕೋಶದ ತಳದಲ್ಲಿ ಎಲ್ಲೋ ಬಿದ್ದಿರುತ್ತದೆ. ಮೇಲೆಲ್ಲ ಖಾಲಿ ಜಾಗ. ಮರೆವಿನಿಂದ ಅದೇ ಕೋಶಕ್ಕೆ ಇನ್ನೊಮ್ಮೆ ಮದ್ದು ಸುರಿದರೂ ಅದು ಹಿಡಿಸುತ್ತದೆ, ಹೊರಚೆಲ್ಲಿ ಎಚ್ಚರಿಸುವುದಿಲ್ಲ. ಗುಂಡನ್ನು ಕೂರಿಸಿದ ಮೇಲೆ ಆ ತೋಟಾಕ್ಕೂ ಉಳಿದವಕ್ಕೂ ಹೊರನೋಟಕ್ಕೆ ಭೇದವೇ ಕಾಣದು.

ಮದ್ದು ಇಮ್ಮಡಿಯಾದರೆ ಒತ್ತಡವೂ ಇಮ್ಮಡಿಯಾಗುವುದಷ್ಟೇ ಎಂದು ಭಾವಿಸಬಾರದು. ಈ ಮದ್ದು ಬಯಲಿನಲ್ಲಿ ಬರಿದೆ ಉರಿಯುತ್ತದೆ; ಮುಚ್ಚಿದ ಜಾಗದಲ್ಲಿ ಒತ್ತಡ ಏರಿದಷ್ಟೂ ಅದರ ಉರಿಯ ವೇಗವೂ ಏರುತ್ತದೆ, ಉರಿಯ ವೇಗ ಏರಿದಂತೆ ಒತ್ತಡ ಮತ್ತಷ್ಟು ಏರುತ್ತದೆ. ಕಡೆಗೆ ಪಿಸ್ತೂಲೇ ಒಡೆದು ಹಿಡಿದವನ ಕೈಗೂ ಕಣ್ಣಿಗೂ ಹಾನಿಯಾಗಬಹುದು. ಗುಂಡನ್ನು ಮಿತಿಮೀರಿ ಆಳಕ್ಕೆ ಒತ್ತಿ ಒಳಗಿನ ಜಾಗವನ್ನು ಕಿರಿದು ಮಾಡಿದರೂ ಇಂಥದೇ ಅನರ್ಥ.

ಇದಕ್ಕೆ ವಿರುದ್ಧವಾದ ತಪ್ಪು ಮದ್ದನ್ನೇ ಹಾಕದಿರುವುದು. ಅದು ನಿರಪಾಯವೆಂದು ತೋರಬಹುದು, ಹಾಗಲ್ಲ. ಕೇಪಿನ ಬಲವೊಂದರಿಂದಲೇ ಗುಂಡು ಕೋಶದಿಂದ ಕಳಚಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಢಂ ಎನ್ನುವ ಬದಲು ಟಪ್ಪೆಂದು ಸಣ್ಣ ಸದ್ದಾಗುತ್ತದೆ. ಪಂದ್ಯದ ಭರದಲ್ಲಿ ಸ್ಪರ್ಧಿಯು ಅದನ್ನು ಗಮನಿಸದೆ ಮತ್ತೆ ಹಾರಿಸಿದರೆ ಎರಡನೆಯ ಗುಂಡು ಮೊದಲನೆಯದಕ್ಕೆ ಬಡಿದು ನಳಿಗೆ ಉಬ್ಬುವುದೋ ಸಿಡಿಯುವುದೋ ಆಗುತ್ತದೆ. ಇಂತಹ ಸದ್ದು ಕೇಳಿದೊಡನೆ ಮೇಲ್ವಿಚಾರಕನು ‘ನಿಲ್ಲಿಸು’ ಎಂದು ಕೂಗುವುದು ಇದಕ್ಕಾಗಿಯೇ.

ಕೆಲಸದ ಕ್ರಮ

ಹೊಸಬನು ಮೊದಲು ಕೊಳ್ಳಬೇಕಾದುದು ಯಂತ್ರವನ್ನಲ್ಲ, ಪುಸ್ತಕವನ್ನು. ಮದ್ದು ಮತ್ತು ಗುಂಡುಗಳ ತಯಾರಕರು ಪ್ರಯೋಗಶಾಲೆಯಲ್ಲಿ ಒತ್ತಡವನ್ನು ಅಳೆದು, ಯಾವ ಗುಂಡಿಗೆ ಯಾವ ಮದ್ದು ಎಷ್ಟು ಎಂಬ ಕೋಷ್ಟಕಗಳನ್ನು ಅಚ್ಚುಮಾಡುತ್ತಾರೆ. ಅದರಲ್ಲಿನ ಕನಿಷ್ಠ ಪ್ರಮಾಣದಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಏರಬೇಕಲ್ಲದೆ ಗರಿಷ್ಠದಿಂದ ಎಂದೂ ಆರಂಭಿಸಕೂಡದು.

ಅನಂತರ ಕೆಲಸವು ಹೀಗೆ ಸಾಗುತ್ತದೆ. ಆಯ್ದು ತಂದ ಕೋಶಗಳಲ್ಲಿ ಸೀಳಿದುವನ್ನು ಬೇರ್ಪಡಿಸಿ, ಉಳಿದುವನ್ನು ಜೋಳದ ದಿಂಡಿನ ತರಿಯೊಡನೆ ಯಂತ್ರದಲ್ಲಿ ಕುಲುಕಿ ಹೊಳಪು ಬರಿಸುತ್ತಾರೆ. ಮೊದಲನೆಯ ಅಚ್ಚು ಕೋಶವನ್ನು ಅಳತೆಗೆ ತಂದು ಹಳೆಯ ಕೇಪನ್ನು ಉದುರಿಸುತ್ತದೆ. ಎರಡನೆಯದು ಗುಂಡು ಸುಲಭವಾಗಿ ಕೂರುವಂತೆ ಬಾಯನ್ನು ಕೊಂಚ ಅರಳಿಸುತ್ತದೆ. ಹೊಸ ಕೇಪನ್ನು ಕೂರಿಸಿ, ಮದ್ದನ್ನು ಅಳೆದು ಹಾಕಿ, ಗುಂಡನ್ನು ಗೊತ್ತಾದ ಆಳಕ್ಕೆ ಒತ್ತಿ, ಅರಳಿದ ಬಾಯನ್ನು ಮತ್ತೆ ಬಿಗಿದರೆ ತೋಟಾ ಸಿದ್ಧವಾಯಿತು. ಪಿಸ್ತೂಲಿನಿಂದ ಬಿಡಿಸಿ ತೆಗೆದ ನಳಿಗೆಯ ಗೂಡಿಗೆ ಅದನ್ನು ಹಾಕಿದಾಗ ತಾನೇ ತಾನಾಗಿ ಇಳಿಯಬೇಕು; ತಲೆಕೆಳಗು ಮಾಡಿದಾಗ ತಾನೇ ಬೀಳಬೇಕು.

ಹಿಡಿಯನ್ನು ಒಂದೊಂದು ಬಾರಿ ಎಳೆದಾಗಲೂ ಸಿದ್ಧವಾದ ತೋಟಾವೊಂದು ಉದುರುವ, ಗಂಟೆಗೆ ನೂರಾರು ತಯಾರಿಸುವ ಸರಣಿ ಯಂತ್ರಗಳು ದೊರೆಯುತ್ತವೆ. ಆದರೂ ಹೊಸಬನಿಗೆ ಒಂದು ಬಾರಿಗೆ ಒಂದೇ ಕೆಲಸ ಮಾಡುವ ಸರಳ ಯಂತ್ರವೇ ಲೇಸು. ಐವತ್ತು ಕೋಶಗಳನ್ನು ಕುಳಿಗಳುಳ್ಳ ಮರದ ಹಲಗೆಯಲ್ಲಿ ನಿಲ್ಲಿಸಿ, ಎಲ್ಲಕ್ಕೂ ಮದ್ದು ಹಾಕಿದ ಮೇಲೆ, ದೀಪವನ್ನು ಹಿಡಿದು ಒಂದೊಂದರ ಒಳಗೂ ಇಣಿಕಿ ನೋಡಬೇಕು. ಐವತ್ತರಲ್ಲಿ ಒಂದರ ಮಟ್ಟ ಹೆಚ್ಚು ಅಥವಾ ಕಡಿಮೆ ಇದ್ದರೆ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಇನ್ನೂ ಒಂದು ಜಾಣ್ಮೆಯುಂಟು. ಹೆಚ್ಚು ಜಾಗ ಹಿಡಿಯುವ ಹಗುರ ಮದ್ದನ್ನು ಆರಿಸಿಕೊಂಡರೆ ಎರಡನೆಯ ಬಾರಿ ಸುರಿದದ್ದು ಕೋಶದಿಂದ ಹೊರಚೆಲ್ಲಿ ತಪ್ಪನ್ನು ತಾನೇ ಸಾರುತ್ತದೆ. ಖಾಲಿ ಜಾಗವು ತಂದ ಕೇಡಿಗೆ ಖಾಲಿ ಜಾಗವನ್ನು ಇಲ್ಲವಾಗಿಸುವುದೇ ಮದ್ದಲ್ಲವೆ?

ಉಳಿದ ನಿಯಮಗಳು ಗೃಹಕೃತ್ಯದ ಶಿಸ್ತನ್ನು ಹೋಲುತ್ತವೆ. ಮೇಜಿನ ಮೇಲೆ ಒಂದು ಕಾಲಕ್ಕೆ ಒಂದೇ ಬಗೆಯ ಮದ್ದಿನ ಡಬ್ಬಿ ಇರಬೇಕು. ಮದ್ದನ್ನು ಅದರ ಮೂಲ ಡಬ್ಬಿಯಲ್ಲೇ ಇಡಬೇಕು. ಭದ್ರವಾದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬಿಗಿದರೆ, ಬೆಂಕಿ ತಗಲಿದಾಗ ಆ ಪೆಟ್ಟಿಗೆಯೇ ಬಾಂಬಾದೀತು. ಕೇಪಿನಲ್ಲೂ ಗುಂಡಿನಲ್ಲೂ ಸೀಸವಿರುವುದರಿಂದ ಕೆಲಸದ ನಡುವೆ ತಿನ್ನಕೂಡದು, ಮುಗಿದೊಡನೆ ಕೈ ತೊಳೆಯಬೇಕು, ಮಕ್ಕಳನ್ನು ದೂರವಿಡಬೇಕು. ಕಣ್ಣಿಗೆ ಕನ್ನಡಕ ಧರಿಸಬೇಕು. ನಡುವೆ ಯಾರಾದರೂ ಮಾತನಾಡಿಸಿದರೆ ಕೈಯಲ್ಲಿದ್ದ ಕೋಶದ ಮದ್ದನ್ನು ಹೊರಗೆ ಸುರಿದು ಮೊದಲಿನಿಂದ ಆರಂಭಿಸಬೇಕು.

ಈ ಹವ್ಯಾಸದ ಹಿರಿಯರಲ್ಲಿ ಒಂದು ಕಟ್ಟುಪಾಡಿದೆ: ಬೇರೊಬ್ಬನು ಮನೆಯಲ್ಲಿ ತುಂಬಿದ ತೋಟಾವನ್ನು, ಅವನು ಆಪ್ತಮಿತ್ರನಾದರೂ, ತನ್ನ ಪಿಸ್ತೂಲಿಗೆ ಹಾಕಬಾರದು. ಇದರಲ್ಲಿ ಮಿತ್ರನ ಮೇಲಿನ ಅಪನಂಬಿಕೆಯೇನೂ ಇಲ್ಲ. ತುಂಬಿ ಮುಚ್ಚಿದ ತೋಟಾದೊಳಗೆ ಏನಿದೆಯೆಂಬುದನ್ನು ಯಾರೂ ನೋಡಲಾರರು. ಅದನ್ನು ಮುಚ್ಚುವ ಮುನ್ನ ದೀಪ ಹಿಡಿದು ಇಣಿಕಿದವನೊಬ್ಬನೇ ಬಲ್ಲ.